ಟಗರಿನ ಕೊರಳಿನ ರೇಡಿಯೋ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಬಬ್ಬೂರಿನ ಈರಕ್ಕ ಹಿರಿಯೂರಿನ ಠಾಣೆಗೆ ಬಂದಳು. ಕುರಿ ಕಾಯಲು ಹಟ್ಟಿಯಲ್ಲಿ ಮಲಗಿದ್ದ ಗಂಡ ಓಬಣ್ಣ ತಲೆಯೊಡೆದು ಸತ್ತು ಬಿದ್ದಿದ್ದ. ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ರವೀಂದ್ರ ಹಟ್ಟಿಗೆ ಹೋಗಿ ಪಂಚನಾಮೆ ಮುಗಿಸಿದರು.

“ಎಷ್ಟು ಕುರಿ ಹೋಗವೆ?” ಎಂದು ಈರಕ್ಕನನ್ನು ಕೇಳಿದರು.

“ಒಂದೇ ಟಗರು ಸಾರ್.”

“ಒಂದು ಟಗರಿಗೆ ಕೊಲೆ ಮಾಡ್ತಾರೇನಮ್ಮ?” ಎಂದ ಕಾನ್‌ಸ್ಟೆಬಲ್ ತಿಪ್ಪೇಶ್.

“ನನ್ನೇನ್ ಕೇಳ್ತೀಯಪ್ಪ? ಮಾಡ್ದೋನ್ನ ಹಿಡಿದು ಕೇಳು,” ಎಂದಳು. ಆಮೇಲೆ ನೆನಪಾಗಿ, “ಅದ್ರ ಕೊರಳಾಗೆ ಹನುಮೇಶ್ ಮೇಷ್ಟ್ರು ಎಂಥದೋ ರೇಡಿಯೋ ಕಟ್ಟಿದ್ರು,” ಎಂದಳು.

ಹನುಮೇಶ್ ಹಿರಿಯೂರಿನ ವಿಜ್ಞಾನದ ಮೇಷ್ಟ್ರು; ಹವ್ಯಾಸಿ ರೇಡಿಯೋ ಪರವಾನಗಿ ಇದ್ದವರು. ಪ್ರಯೋಗಕ್ಕೆಂದು ಅವರು ಟಗರಿನ ಕೊರಳಿಗೆ ಕಟ್ಟಿದ್ದ ಡಬ್ಬಿ ತಾನಿರುವ ಜಾಗವನ್ನು ಆಗಾಗ ಸಾರುತ್ತಿತ್ತು. ಅದನ್ನು ಕೇಳಿಸಿಕೊಂಡ ಹವ್ಯಾಸಿಗಳ ಕೇಂದ್ರಗಳು ಅಂತರ್ಜಾಲದ ನಕ್ಷೆಗೆ ಏರಿಸುತ್ತಿದ್ದವು. ಪೊಲೀಸರು ಹೋದಾಗ ಮೇಷ್ಟ್ರ ಕಂಪ್ಯೂಟರ್ ಪರದೆಯ ಮೇಲೆ ಬಬ್ಬೂರಿನಿಂದ ಪಶ್ಚಿಮಕ್ಕೆ ಚುಕ್ಕಿಗಳ ಸಾಲು ಕಂಡಿತು. ಮಧ್ಯಾಹ್ನ ಅದು ನಿಂತುಹೋಯಿತು.

“ಬ್ಯಾಟ್ರಿ ಸತ್ತೈತೆ,” ಎಂದ ತಿಪ್ಪೇಶ್.

“ಇಲ್ಲ ಕಣಪ್ಪ, ಗುಡ್ಡ ಅಡ್ಡ ಬಂದೈತೆ. ಚಿತ್ರದುರ್ಗದ ಕೇಂದ್ರಕ್ಕೆ ಕೇಳ್ತಿಲ್ಲ. ಹೊಳಲ್ಕೆರೆ ಗೆಳೆಯಂಗೆ ಕೇಳಬಹುದು. ಕಾಯಾಣ,” ಎಂದರು ಹನುಮೇಶ್.

ಸಂಜೆ ಹೊಳಲ್ಕೆರೆಯ ಕೇಂದ್ರ ಹಿಡಿದ ಚುಕ್ಕಿಯೊಂದು ಹೊಸದುರ್ಗದ ದಿಕ್ಕಿನಲ್ಲಿ ಮೂಡಿತು. ರವೀಂದ್ರ ದೂರ ಅಳೆದು ನೋಡಿದರು. ಅದು ವಾಹನದ ವೇಗವಲ್ಲ, ಮನುಷ್ಯನ ನಡಿಗೆ.

“ಸಂತೆ ದಾರಿ ಅಲ್ಲ ಸಾರ್ ಇದು,” ಎಂದ ಕುರಿಗಾರರ ಮನೆಯ ತಿಪ್ಪೇಶ್. “ಹಾಲುರಾಮೇಶ್ವರದ ಗುಡಿದು. ನಮ್ಮ ಕಡೆ ಹರಕೆ ಟಗರನ್ನ ಗಾಡಿಗೆ ಹತ್ತಿಸಲ್ಲ, ನಡೆಸ್ಕಂಡೇ ಹೋಗ್ಬೇಕು.”

ರವೀಂದ್ರ ಈರಕ್ಕನಿಗೆ ಫೋನ್ ಮಾಡಿದರು. “ಆ ಟಗರಿಗೆ ಹರಕೆ ಹೊತ್ತೋರು ಯಾರು?”

“ನನ್ ಮೈದುನ ಕರಿಸಿದ್ದಪ್ಪ. ಅವ್ನ ಮಗಳು ಲತಾ ಚಿತ್ರದುರ್ಗದ ಆಸ್ಪತ್ರೆಯಾಗವ್ಳೆ. ಅಣ್ತಮ್ರು ಪಾಲಾದಾಗ ಟಗರು ನಮಗೆ ಬಂತು. ಕೇಳಾಕೆ ಬಂದಿದ್ದ. ನಮ್ಮೆಜಮಾನ್ರು ಕೊಡಲ್ಲ ಅಂದ್ರು.”

ಬುಧವಾರ ಹನ್ನೊಂದಕ್ಕೆ ಹಾಲುರಾಮೇಶ್ವರದ ಗುಡಿಯ ಮುಂದೆ ಕಾಯುತ್ತಿದ್ದ ರವೀಂದ್ರರಿಗೆ ಕರಿಸಿದ್ದಪ್ಪ ಟಗರಿನ ಸಮೇತ ಸಿಕ್ಕ. ಬರಿಗಾಲು ಒಡೆದು ರಕ್ತ ಸೋರುತ್ತಿತ್ತು. ಓಡಲಿಲ್ಲ.

“ಅಣ್ಣನ್ನ ಹೊಡೆದೋನು ನೀನೇನಾ?”

“ನಾನೇ ಸಾರ್. ಅಡ್ಡ ನಿಂತ. ಕೋಲು ಬೀಸಿದೆ. ಮತ್ತೆ ಏಳಲಿಲ್ಲ.”

“ಕೊರಳಾಗಿನ ಡಬ್ಬಿ ಊರಿಗೆಲ್ಲ ಹೇಳ್ತದೆ ಅಂತ ಗೊತ್ತಿರಲಿಲ್ವಾ?”

“ಮೇಷ್ಟ್ರು ಹೇಳಿದ್ರು. ಆದ್ರೆ ಹರಕೆ ಕಟ್ಟಿನ ಹಗ್ಗಕ್ಕೇ ಬಿಗಿದಿದ್ರಲ್ಲ. ಆ ಕಟ್ಟನ್ನ ದೇವ್ರ ಬಾಗಿಲಿಗೆ ಮುಂಚೆ ಬಿಚ್ಚಂಗಿಲ್ಲ.” ಅವನು ಗುಡಿಯತ್ತ ನೋಡಿದ. “ಇಪ್ಪತ್ತು ಹೆಜ್ಜೆ ಸಾರ್. ಕೊಲೆ ನಂದು. ಹರಕೆ ಆ ಕೂಸಿಂದು. ಟಗರನ್ನ ದೇವ್ರಿಗೆ ಬಿಟ್ಟು ಬರ್ತೀನಿ, ಆಮೇಲೆ ಗಲ್ಲಿಗೆ ಹಾಕ್ರಿ.”

ಟಗರು ಕಳವಿನ ಮಾಲು. ಬಿಡುವ ಅಧಿಕಾರ ರವೀಂದ್ರರಿಗಿರಲಿಲ್ಲ. ಆದರೂ ಈರಕ್ಕನಿಗೆ ಫೋನ್ ಹಚ್ಚಿದರು. ಅವಳು ಒಪ್ಪಿದರೆ ಕೋರ್ಟಿಗೆ ಹೇಗಾದರೂ ಉತ್ತರ ಹೇಳಬಹುದು ಎಂದುಕೊಂಡರು.

“ನನ್ ಗಂಡನ ಗುಂಡಿ ಮಣ್ಣು ಇನ್ನೂ ಹಸಿ ಐತೆ,” ಎಂದಳು ಅವಳು. “ನನ್ ಟಗರು ನನಗೆ ತಂದುಕೊಡ್ರಿ.”

ರವೀಂದ್ರ ಫೋನ್ ಜೇಬಿಗಿಟ್ಟರು. ಪಂಚರ ಸಮಕ್ಷಮ ಹಗ್ಗ ಕತ್ತರಿಸಿ ಡಬ್ಬಿಗೆ ಮೊಹರು ಹಾಕಲಾಯಿತು. ಬಂಧನದ ಕಾರಣ ಓದಿ ಹೇಳುವಾಗ ಕರಿಸಿದ್ದಪ್ಪ ತಲೆ ಎತ್ತಲಿಲ್ಲ. ಇಬ್ಬರು ಕಾನ್‌ಸ್ಟೆಬಲ್‌ಗಳು ಟಗರಿನ ಕಾಲು ಹಿಡಿದು ಜೀಪಿಗೆ ಎತ್ತಿ ಹಾಕಿದಾಗ ಮಾತ್ರ ನೆಲಕ್ಕೆ ಕುಸಿದು, ಮಗಳ ಹೆಸರು ಹಿಡಿದು ಅತ್ತ.