ಕಂಕುಳಲ್ಲಿ ಎದ್ದ ಹೊಸ ಗಂಟು

"ಮೇಡಮ್, ನಮ್ಮವ್ವಂಗೆ ಯಾರೋ ಏನೋ ಕೊಟ್ಟವ್ರೆ. ಅದೇನು ಅಂತ ನೀವೇ ಕಂಡುಹಿಡೀಬೇಕು."

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ತೆರೆಯುತ್ತಿದ್ದಂತೆ ಸ್ಪಂದನಾ ಅಳುತ್ತ ಬಂದು ನಿಂತಳು. ನರ್ಸ್ ಪುಷ್ಪಾ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಇಂಥ ಮೊರೆ ಇಲ್ಲಿಗೆ ಹೊಸದಲ್ಲ. ಡಾಕ್ಟರ್ ಉಷಾರಾಣಿಯವರ ಕೆಲಸ ಸ್ಕ್ಯಾನ್ ಮಾಡುವುದೇ ಆದರೂ, ಕಳೆದುಹೋದ ಎಮ್ಮೆಯಿಂದ ಹಿಡಿದು ನಿಂತುಹೋದ ಮದುವೆಯವರೆಗೆ ಸುತ್ತಲ ಊರುಗಳ ಗುಟ್ಟು ಬಿಡಿಸಿ 'ಪತ್ತೇದಾರಿ ಡಾಕ್ಟ್ರಮ್ಮ' ಎಂದೇ ಹೆಸರಾಗಿದ್ದರು. ಸದಾ ಅವರ ಬೆನ್ನಿಗಿರುವ ಪುಷ್ಪಾಗೆ ಮಾತ್ರ ಒಂದು ಗುಟ್ಟೂ ಮೊದಲೇ ಹೊಳೆದದ್ದಿಲ್ಲ. ಆ ಬಗ್ಗೆ ಅವಳಿಗೆ ಒಳಗೊಳಗೇ ಸಣ್ಣ ಮುನಿಸು.

ಸ್ಪಂದನಾಳ ತಾಯಿ ಪುಟ್ಟಮಲ್ಲಮ್ಮನ ಬಲ ಸ್ತನದಲ್ಲಿ ಕ್ಯಾನ್ಸರ್ ಇತ್ತು. ಅದೇ ಕಡೆಯ ಕಂಕುಳಿನ ಒಂದು ಗ್ರಂಥಿಗೂ ಹರಡಿತ್ತು. ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದು ಮೈಸೂರಿನ ಸರ್ಜನ್ ತೀರ್ಮಾನಿಸಿದ್ದರು. ಔಷಧಿಗೆ ಗ್ರಂಥಿ ಕುಗ್ಗಿಹೋದರೆ ಆಮೇಲೆ ಹುಡುಕುವುದು ಕಷ್ಟ ಎಂದು, ಉಷಾರಾಣಿಯವರೇ ಅದರೊಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಲೋಹದ ಕ್ಲಿಪ್ ಇಟ್ಟು ಗುರುತು ಮಾಡಿದ್ದರು. ಕೀಮೋ ಮುಗಿದಾಗ ಸ್ತನದ ಗಡ್ಡೆ ಕರಗಿತ್ತು, ಕ್ಲಿಪ್ ಇದ್ದ ಗ್ರಂಥಿಯೂ ಮುದುಡಿತ್ತು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟಿದ್ದರು. ಅಷ್ಟರಲ್ಲಿ ನಿನ್ನೆ ತಾಯಿಯ ಹಿಂದೆ ಕೂತು ಬೆನ್ನು ತಿಕ್ಕುವಾಗ ಸ್ಪಂದನಾಳ ಕೈಗೆ ಅದೇ ಕಂಕುಳಲ್ಲಿ ಹೊಸ ಗಂಟು ಸಿಕ್ಕಿತ್ತು.

"ಕ್ಯಾನ್ಸರಿಂದೇ ಆದ್ರೆ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೀಬೇಕಾಯ್ತದೆ, ಕೈ ಊದ್ಕೊಂಡು ಹಂಗೇ ಉಳಿದುಬಿಡಬಹುದು ಅಂದ್ರು ಫೋನಲ್ಲಿ ಸರ್ಜನ್ನು. ನಮ್ಮವ್ವ ಆ ಕೈಲೇ ಅಲ್ವಾ ಮೇಡಮ್ ಮನೆಮಂದಿಗೆಲ್ಲ ಮುದ್ದೆ ತಿರುವೋದು? ನಮ್ ದೊಡ್ಡಮ್ಮ ಕದ್ದುಮುಚ್ಚಿ ಏನೋ ಹಸ್ರು ಪುಡಿ ತಿನ್ನುಸ್ತಾ ಅವ್ಳೆ. ಅದ್ರಿಂದ್ಲೇ ಔಷ್ದಿ ಕೆಟ್ಟೋಗಿರೋದು!"

"ಎಲ್ಲರನ್ನೂ ಕರ್ಕೊಂಡು ಬಾ," ಎಂದರು ಉಷಾರಾಣಿ. "ದೊಡ್ಡಮ್ಮನನ್ನೂ."

ಮಧ್ಯಾಹ್ನದ ಬಸ್ಸಿಗೆ ಎಲ್ಲರೂ ಬಂದರು. ದೊಡ್ಡಮ್ಮ, ಅಂದರೆ ಪುಟ್ಟಮಲ್ಲಮ್ಮನ ಅಕ್ಕ, ಮುಖ ಊದಿಸಿಕೊಂಡು ದೂರದ ಕುರ್ಚಿಯಲ್ಲಿ ಕೂತರು. ಪುಟ್ಟಮಲ್ಲಮ್ಮನ ಗಂಡ ಚನ್ನಬಸವಣ್ಣ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನು ಹಿಡಿದರೆ ಅದು ಜಾರಿ ಜಾರಿ ಬೀಳುತ್ತಿತ್ತು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು.

"ಏನಾಯ್ತಣ್ಣ?" ಎಂದಳು ಪುಷ್ಪಾ.

"ಹುಲ್ಲು ಕೊಯ್ಯುವಾಗ ಕುಡ್ಲು ತಾಗ್ತು ಕಣವ್ವ."

ಪುಟ್ಟಮಲ್ಲಮ್ಮ ಟೀ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಆ ಕೈಯಲ್ಲಿ ಹೊಸ ಹಸಿರು ಗಾಜಿನ ಬಳೆಗಳು ಮಾಂಸಕ್ಕೆ ಒತ್ತಿಕೊಂಡಿದ್ದವು. ಸೆರಗಿನ ತುದಿಯನ್ನು ಬಲ ಮಣಿಕಟ್ಟಿಗೆ ಸುತ್ತಿಕೊಂಡಿದ್ದರು.

"ಈ ಕೈಗ್ಯಾಕೆ ಬಳೆ ಇಲ್ಲ, ಅಮ್ಮ?" ಎಂದು ಉಷಾರಾಣಿ ಸಹಜವಾಗಿ ಕೇಳಿದರು.

"ಸ್ಕ್ಯಾನಿಂಗ್‌ಗೆ ಅಡ್ಡ ಆಯ್ತವೆ ಅಂತ ಬೆಳಿಗ್ಗೆ ತೆಗ್ದಿಟ್ಟು ಬಂದೆ, ಮೇಡಮ್ಮೋರೇ."

ಉಷಾರಾಣಿ ತಲೆಯಾಡಿಸಿದರು, ಮತ್ತೇನೂ ಕೇಳಲಿಲ್ಲ. ಸ್ಕ್ಯಾನ್ ಬಹಳ ಹೊತ್ತು ನಡೆಯಿತು. ಪರದೆಯ ಮೇಲೆ ಕ್ಲಿಪ್ಪಿನ ಬಿಳಿ ಚುಕ್ಕೆ ಕಂಡಾಗ ಪುಷ್ಪಾಗೂ ಗುರುತು ಸಿಕ್ಕಿತು. ಅದರ ಪಕ್ಕದಲ್ಲಿ, ತೋಳಿನ ಕಡೆಗೆ, ಹೊಸದೊಂದು ಗ್ರಂಥಿ ದಪ್ಪಗೆ ಕೂತಿತ್ತು. ಕ್ಯಾನ್ಸರ್ ಮತ್ತೆ ಬಂತೆಂದೇ ಪುಷ್ಪಾ ಅಂದುಕೊಂಡಳು. ಆದರೆ ಡಾಕ್ಟರ ಮುಖದಲ್ಲಿ ಎಲ್ಲೋ ಒಂದು ನಗು ಇಣುಕಿದ್ದನ್ನು ಕಂಡು ಅವಳಿಗೆ ಸಿಟ್ಟೇ ಬಂತು.

"ಪುಷ್ಪಾ, ಎಲ್ಲರನ್ನೂ ಒಳಗೆ ಕರಿ. ಹಾಗೇ ಡ್ರೆಸ್ಸಿಂಗ್ ಟ್ರೇ ತಾ."

ಸಣ್ಣ ಕೋಣೆಯಲ್ಲಿ ಎಲ್ಲರೂ ಮಂಚದ ಸುತ್ತ ನಿಂತರು.

"ಮೊದಲು ದೊಡ್ಡಮ್ಮನ ವಿಚಾರ ಮುಗಿಸೋಣ," ಎಂದರು ಉಷಾರಾಣಿ. "ಏನದು ಹಸಿರು ಪುಡಿ?"

"ನುಗ್ಗೆಸೊಪ್ಪಿನ ಪುಡಿ ಕಣ್ರವ್ವ! ರಕ್ತ ಕಮ್ಮಿ ಆಗದೆ ಅಂತ ಸಾರಿಗೆ ಉದುರುಸ್ದೆ. ನನ್ ತಂಗಿಗೆ ನಾನು ಇಸ ಹಾಕ್ತೀನಾ?"

"ಅದರಿಂದ ಕಂಕುಳಲ್ಲಿ ಗಂಟು ಏಳಲ್ಲ. ಇನ್ನು ಮೇಲೆ ಕೇಳಿ ಕೊಡಿ, ಅಷ್ಟೇ. ಈಗ ಗಂಟಿನ ವಿಚಾರ. ಕ್ಲಿಪ್ ಇರುವ ಗ್ರಂಥಿ ಮುದುಡಿದ್ದು ಮುದುಡಿದ ಹಾಗೇ ಇದೆ. ಊದಿರೋದು ಬೇರೆಯದು. ಅದರ ಸುತ್ತಲ ಪದರ ಎಲ್ಲ ಕಡೆ ಸಮನಾಗಿ ದಪ್ಪಗಾಗಿದೆ, ನಡುವಿನ ತಿರುಳು ಕೆಟ್ಟಿಲ್ಲ. ಕ್ಯಾನ್ಸರ್ ನುಗ್ಗಿದರೆ ಸಾಮಾನ್ಯವಾಗಿ ಆ ತಿರುಳನ್ನೇ ತಿಂದುಹಾಕುತ್ತೆ. ಕೈಯಲ್ಲಿ ಗಾಯವಾಗಿ ಕೀವಾದಾಗಲೂ ಕಂಕುಳಿನ ಗ್ರಂಥಿ ಹೀಗೆ ಊದುತ್ತೆ. ಹಾಗಾದರೆ ಗಾಯ ಎಲ್ಲಿ? ಮುದ್ದೆ ತಿರುವುವ ಕೈಯನ್ನು ಬಿಟ್ಟು ಎಡಗೈಲಿ ಟೀ ಕುಡಿದವರು ಯಾರು?"

ಪುಟ್ಟಮಲ್ಲಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದರು.

"ಕಂಕುಳಿನ ಸ್ಕ್ಯಾನಿಗೆ ಕೈಬಳೆ ಅಡ್ಡ ಬರಲ್ಲ. ಎಡಗೈ ಬಳೆ ನೋಡಿ, ಚರ್ಮಕ್ಕೇ ಅಂಟಿಕೊಂಡಿವೆ. ಇಷ್ಟು ಬಿಗಿ ಬಳೆಯನ್ನು ಬೆಳಿಗ್ಗೆ ಸುಮ್ಮನೆ ಕಳಚಿಟ್ಟು ಬರೋಕೆ ಆಗುತ್ತಾ? ಬಲಗೈಗೆ ಬಳೆ ಏರಲೇ ಇಲ್ಲ. ಏರಿಸುವಾಗಲೇ ಒಡೆದವು. ಕೀಮೋಗೆ ಕೈ ಊದಿತ್ತು, ಬಳೆ ತಂದವರು ಹಳೇ ಬಳೆಯ ಅಳತೆ ಕೊಟ್ಟಿದ್ದರು. ಬಳೆಗಾರರಂತೂ ತೊಡಿಸಿದ್ದಲ್ಲ, ಅವರಾಗಿದ್ದರೆ ಕೈ ಮುಟ್ಟಿದ ಕೂಡಲೇ ಈ ಅಳತೆ ಆಗಲ್ಲ ಅಂತಿದ್ದರು." ಉಷಾರಾಣಿ ಚನ್ನಬಸವಣ್ಣನ ಕಡೆ ಮೆಲ್ಲಗೆ ತಿರುಗಿದರು. "ಯಜಮಾನರೇ, ನೀವು ಬಲಗೈಯವರು. ಕುಡುಗೋಲು ಬಲಗೈಲಿದ್ದರೆ ಗಾಯ ಎಡಗೈಗೆ ಆಗಬೇಕು. ನಿಮ್ಮ ಬಲ ಹೆಬ್ಬೆರಳು ಹೇಗೆ ಕೊಯ್ದುಕೊಂಡಿತು?"

ಚನ್ನಬಸವಣ್ಣ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿದರು.

"ನಾನೇ ಕಣ್ರವ್ವ. ಕೀಮೋಗೆ ಅಂತ ಬಳೆ ತೆಗ್ದಿದ್ದ ಬೋಳುಗೈ ನೋಡ್ಕಂಡು ಕನ್ನಡಿ ಮುಂದೆ ಅಳ್ತಾ ಕೂತಿದ್ಲು. ಉದ್ರೋದ ಕೂದ್ಲ ತಂದ್ಕೊಡಕ್ಕಾಯ್ತದಾ ನನ್ ಕೈಲಿ? ಬಳೆನಾದ್ರೂ ತೊಡ್ಸಾನ ಅಂದ್ಕಂಡೆ. ಎಡಗೈಗೆ ಸೋಪು ಹಚ್ಚಿ ಹೆಂಗೋ ಏರುಸ್ದೆ. ಬಲಗೈಗೆ ಒಸಿ ಒತ್ತುದ್ನೋ ಇಲ್ವೋ..."

"ಅವ್ರ್ನ ಏನೂ ಅನ್ಬ್ಯಾಡಿ!" ಪುಟ್ಟಮಲ್ಲಮ್ಮ ಎದ್ದು ಕೂತರು. "ಗಂಡನ ಕೈಲೇ ಬಳೆ ಒಡೀತು ಅಂದ್ರೆ ಅವ್ರಿಗೆ ಆಗ್ಬರಲ್ಲ ಅಂತಾರೆ. ಬಾಯ್ಬಿಟ್ರೆ ನಿಜ ಆಗೋಯ್ತದೇನೋ ಅಂತ ನಾನೇ ಆಣೆ ಇಡುಸ್ದೆ. ನಂಗೇನಾದ್ರೂ ಆಗ್ಲಿ ಬುಡಿ, ಅವ್ರು ಚೆನ್ನಾಗಿರ್ಲಿ."

ಪುಷ್ಪಾಗೆ ಕಣ್ಣು ತುಂಬಿ ಟ್ರೇ ಮಸುಕಾಗಿ ಕಂಡಿತು. ಸೆರಗು ಬಿಚ್ಚಿದಾಗ ಮಣಿಕಟ್ಟು ಕೆಂಪಗೆ ಬಾತಿತ್ತು. ಉಷಾರಾಣಿ ಚಿಮುಟದಿಂದ ಮೆಲ್ಲಗೆ ಎಳೆದರೆ ಹಸಿರು ಗಾಜಿನ ಚೂರೊಂದು ಹೊರಬಂತು.

"ಕೀಮೋ ಆದ ಮೈಯಲ್ಲಿ ಇಷ್ಟು ಗಾಯವೂ ಜೀವಕ್ಕೆ ಕುತ್ತು ತರಬಹುದು. ಆಣೆಯಂತೆ, ಆಣೆ!" ಎಂದು ಗದರಿದರೂ ಅವರ ದನಿ ಮೆತ್ತಗಿತ್ತು. "ನನ್ನ ಊಹೆ ನಂಬಿ ಕೂರೋಕಾಗಲ್ಲ. ಈ ಗಂಟಿನಿಂದ ಸೂಜಿಯಲ್ಲಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಕೊನೇ ಮಾತು ಆಪರೇಷನ್‌ನಲ್ಲಿ ತೆಗೆಯೋ ಗ್ರಂಥಿಗಳದ್ದೇ."

ಹೊರಗೆ ಹೋಗುವಾಗ ಸ್ಪಂದನಾ ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡಳು. "ಬುಡವ್ವ, ನಿಮ್ಮವ್ವನ ಮೇಲಿನ ಪ್ರೀತಿಗಲ್ವಾ ಅಂದಿದ್ದು," ಎಂದು ದೊಡ್ಡಮ್ಮ ಅವಳ ಕಣ್ಣೊರೆಸಿದರು.

ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಗಲಿಲ್ಲ. ಮಾತ್ರೆಗೆ ಗಾಯ ಮಾಯಿತು, ಗಂಟು ಇಳಿಯಿತು. ಆಪರೇಷನ್‌ನಲ್ಲಿ ಸರ್ಜನ್ ಕ್ಲಿಪ್ ಇದ್ದ ಗ್ರಂಥಿಯನ್ನೂ, ಸ್ತನಕ್ಕೆ ಬಣ್ಣದ ದ್ರಾವಣ ಬಿಟ್ಟಾಗ ಮೊದಲು ಬಣ್ಣ ಹಿಡಿದ ಕೆಲವನ್ನೂ ಮಾತ್ರ ತೆಗೆದರು. ಯಾವುದರಲ್ಲೂ ಕ್ಯಾನ್ಸರ್ ಉಳಿದಿರಲಿಲ್ಲ. ಉಳಿದ ಗ್ರಂಥಿಗಳನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ.

ಹೊಲಿಗೆಯೆಲ್ಲ ಮಾಗಿದ ಮೇಲೆ ಗಂಡ ಹೆಂಡತಿ ಸೆಂಟರಿಗೆ ಬಂದರು. ಪುಟ್ಟಮಲ್ಲಮ್ಮನ ತಲೆಯಲ್ಲಿ ಕೂದಲು ಮೊಳೆಯುತ್ತಿತ್ತು. ಚನ್ನಬಸವಣ್ಣ ಕಾಗದದ ಪೊಟ್ಟಣ ಬಿಚ್ಚಿ, ಈ ಸಲ ಹೆಂಡತಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೊಂಡ ಸಡಿಲ ಬಳೆಗಳನ್ನು ಡಾಕ್ಟರಿಗೆ ತೋರಿಸಿದರು. ಉಷಾರಾಣಿ ಅವನ್ನು ಬೆರಳಲ್ಲಿ ತಿರುಗಿಸಿ ನೋಡಿ, ಇಷ್ಟು ಸಡಿಲ ಇದ್ದರೆ ಸರಿ ಎಂದರು.

"ನೀನೇ ತೊಡ್ಸವ್ವ ಪುಷ್ಪಾ," ಎಂದು ಚನ್ನಬಸವಣ್ಣ ಪೊಟ್ಟಣ ಚಾಚಿದರು. ತಾವು ಮಾತ್ರ ಒಂದು ಹೆಜ್ಜೆ ಹಿಂದೆ ಸರಿದರು.

ಪುಷ್ಪಾ ಕೈ ಹಿಂದಕ್ಕೆ ಕಟ್ಟಿಕೊಂಡಳು. ಬಳೆ ಯಾರ ಕೈಯಿಂದ ಏರಬೇಕು ಎಂಬ ಈ ಒಂದು ಗುಟ್ಟು ಮಾತ್ರ ಡಾಕ್ಟರಿಗಿಂತ ಮೊದಲೇ ಅವಳಿಗೆ ಹೊಳೆದಿತ್ತು.

ಪುಟ್ಟಮಲ್ಲಮ್ಮ ತಮ್ಮ ಬಲಗೈಯನ್ನು ಗಂಡನ ಮುಂದೆ ನೀಡಿದರು. "ನೀವೇ ತೊಡ್ಸಿ. ಒಡೆದ್ರೆ ಒಡೀಲಿ. ಹೋದ್ಸಲ ಒಡೆದ್ರೂ ಇಬ್ರೂ ಇದೀವಲ್ಲ."