ದೋಹಾದಲ್ಲಿ ಐದೂಮುಕ್ಕಾಲು ತಾಸು

“ಒಂದೂಕಾಲು ತಾಸು ಸಾಕಾಗಂಗಿಲ್ಲೇನ್ರಿ ಮೇಡಂ? ಒಂದು ವಿಮಾನ ಇಳಿಯೋದು, ಇನ್ನೊಂದು ಹತ್ತೋದು. ಅಷ್ಟ ಅಲ್ಲ?”

ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ, ಮೊದಲ ಮಹಡಿಯ ಪುಟ್ಟ ಟ್ರಾವೆಲ್ಸ್ ಆಫೀಸಿನಲ್ಲಿ ವಿಜಯಕುಮಾರ ತಾನೇ ಹುಡುಕಿದ ಟಿಕೆಟ್‌ಗಳಿದ್ದ ಮೊಬೈಲನ್ನು ಅಲ್ಲಿ ಟಿಕೆಟ್ ಮಾಡುವ ಯಶೋಧರಾಳ ಕಡೆ ತಿರುಗಿಸಿದ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಅವನು ಮೆಕ್ಯಾನಿಕ್. ಡಬ್ಲಿನ್‌ನಲ್ಲಿ ನರ್ಸ್ ಆಗಿರುವ ತಂಗಿ ನೇತ್ರಾಳಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಅವ್ವ ಹನುಮಮ್ಮ ಕುರುಗೋಡಿನಿಂದ ಒಬ್ಬಳೇ ಹೊರಡಬೇಕಿತ್ತು.

ಯಶೋಧರಾ ಮೊಬೈಲ್ ನೋಡಿದಳು, ಆಮೇಲೆ ಅವನನ್ನು ನೋಡಿದಳು. “ಇವು ಎರಡು ಬ್ಯಾರೆ ಬ್ಯಾರೆ ಟಿಕೆಟ್ ಅದಾವ್ರಿ. ಮೊದಲ್ನೇದು ತಡ ಆತಂದ್ರ ಎರಡನೇದ್ರವರು ಕೇಳಂಗಿಲ್ಲ. ಹೊಸಾ ಟಿಕೆಟ್ ತಗೋಬೇಕು. ಬ್ಯಾಗೂ ನೀವ ಇಳಿಸ್ಕೊಂಡು ಮತ್ತ ಹಾಕ್ಬೇಕು. ಒಂದ ಟಿಕೆಟ್‌ನಾಗ ಎರಡೂ ಮಾಡಿಸ್ರಿ. ದೋಹಾದಾಗ ವಿಮಾನ ಬದಲಿಸಾಕ ಐದೂಮುಕ್ಕಾಲು ತಾಸು ಸಿಗತೈತಿ.”

“ಐದೂಮುಕ್ಕಾಲು ತಾಸು ನಮ್ಮವ್ವ ಅಲ್ಲಿ ಕುಂತು ಏನ್ ಮಾಡ್ಬೇಕ್ರಿ? ಇದು ತುಟ್ಟಿನೂ ಐತಿ. ನಿಮ್ಗ ಕಮಿಷನ್ ಜಾಸ್ತಿ ಸಿಗತೈತೇನು?”

ಆಡಿದ ಮೇಲೆ ಅವನಿಗೇ ಮಾತು ಒರಟಾಯಿತೆನ್ನಿಸಿತು. ಅವಳ ಮುಖ ಕೆಂಪಾಯಿತು. ಆದರೆ ದನಿ ಏರಲಿಲ್ಲ.

“ನಾಳಿ ನಿಮ್ಮವ್ವನ್ನ ಕರ್ಕೊಂಡು ಬರ್ರಿ. ಬಸ್ ಸ್ಟ್ಯಾಂಡಿನಿಂದ ಆಟೋ ಹತ್ತಬ್ಯಾಡ್ರಿ, ನಡೆಸ್ಕೊಂಡು ಬರ್ರಿ. ಆಮ್ಯಾಲ ಮಾತಾಡೂಣು.”

ಮರುದಿನ ಹನುಮಮ್ಮ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕುಸಿದಾಗ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಮಂಡಿನೋವು, ಮೇಲೆ ಸಕ್ಕರೆ ಕಾಯಿಲೆ. ದಾರಿಯಲ್ಲಿ ನಾಲ್ಕು ಕಡೆ ಕೂತಿದ್ದಳು.

“ಎಷ್ಟು ಹೊತ್ತಾತ್ರಿ?” ಯಶೋಧರಾ ಅವನನ್ನು ಕೇಳಿದಳು.

“ನಲವತ್ತು ನಿಮಿಷ,” ಎಂದ ಅವನು, ನೆಲ ನೋಡುತ್ತ.

“ದೋಹಾದಾಗ ಒಂದು ವಿಮಾನದಿಂದ ಇನ್ನೊಂದಕ್ಕ ಇಷ್ಟ ದೂರ ಇರ್ತೈತಿ. ನಡುವ ಚೆಕಿಂಗ್, ಅದ್ರ ಪಾಳಿ. ವೀಲ್‌ಚೇರ್ ಬರೆಸಿದ್ರೂ ಅವರನ್ನ ವಿಮಾನದಿಂದ ಕೊನಿಗೇ ಇಳಿಸ್ತಾರ. ಇನ್ನ, ನನ್ನ ಕಮಿಷನ್ ಎರಡಕ್ಕೂ ಒಂದ ಅಷ್ಟ.”

ಹನುಮಮ್ಮ ನೀರು ಕುಡಿದು ಲೋಟ ಕೆಳಗಿಟ್ಟಳು. “ಲೇ, ಆ ಹುಡುಗಿ ಹೇಳ್ದಂಗ ಮಾಡು. ನನ್ನ ಕಾಲು ನಂಗ ಗೊತ್ತು.”

ಟಿಕೆಟ್ ಆಯಿತು. ಕೆಲಸ ಮುಗಿದರೂ ವಿಜಯಕುಮಾರನ ಓಡಾಟ ಮುಗಿಯಲಿಲ್ಲ. ಪಾಸ್‌ಪೋರ್ಟಿನ ಜೆರಾಕ್ಸ್ ಕೊಡಲು ಒಮ್ಮೆ ಬಂದ, ಇನ್ಶೂರೆನ್ಸ್ ಕೇಳಲು ಇನ್ನೊಮ್ಮೆ. ಮೂರನೆಯ ಸಲ ಐವತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಬಂದು ಕೇಳಿದ, “ಗುರೆಳ್ಳು ಚಟ್ನಿ ಒಯ್ಬಹುದೇನ್ರಿ?”

“ಫೋನ್‌ನಾಗ ಕೇಳಬಹುದಿತ್ತಲ್ರಿ,” ಎಂದಳು ಯಶೋಧರಾ. ಕಣ್ಣು ಕಂಪ್ಯೂಟರ್ ಮೇಲಿತ್ತು, ನಗು ಮಾತ್ರ ತುಟಿಯ ಒಂದು ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು.

“ಸಿಗ್ನಲ್ ಇರ್ಲಿಲ್ರಿ.”

“ಸಿರುಗುಪ್ಪದಾಗ?”

ಅವಳು ತಲೆ ಎತ್ತಿದಳು. ಕಾಡಿಗೆ ಹಚ್ಚದ, ನೇರವಾಗಿ ನೋಡುವ ಕಣ್ಣು. ಆ ನೋಟದ ಮುಂದೆ ಸುಳ್ಳು ಹೇಳುವುದು ಕಷ್ಟವೆಂದು ಅವನಿಗೆ ಅಂದೇ ತಿಳಿಯಿತು. “ಒಯ್ಬಹುದ್ರಿ,” ಎಂದಳು ಮೆಲ್ಲಗೆ. “ದೊಡ್ಡ ಬ್ಯಾಗಿನಾಗ ಇಡ್ರಿ.”

ಅವ್ವ ಹೊರಡುವ ದಿನ, ಜನವರಿಯ ಒಂದು ಗುರುವಾರ, ಗಿರಣಿಯಲ್ಲಿ ಬಾಯ್ಲರ್ ತಪಾಸಣೆಯಿದ್ದುದರಿಂದ ವಿಜಯಕುಮಾರನಿಗೆ ರಜೆ ಸಿಗಲಿಲ್ಲ. ಬೆಂಗಳೂರಿನಲ್ಲಿದ್ದ ಚಿಕ್ಕಪ್ಪನ ಮಗ ದುರ್ಗೇಶ್ ಹನುಮಮ್ಮನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಬೆಳಿಗ್ಗೆ ಹತ್ತು ಗಂಟೆಗೆ ಅವನ ಫೋನ್ ಬಂತು.

“ಅಣ್ಣಾ, ಮಂಜು ಬಿದ್ದೈತಿ. ಏನೂ ಕಾಣವಲ್ದು. ಒಂದು ವಿಮಾನನೂ ಏಳ್ತಿಲ್ಲ. ದೊಡ್ಡವ್ವ ಒಳಗ ಹೋಗ್ಯಾಳ.”

ನೇತ್ರಾಳಿಗೆ ಶನಿವಾರ ಹೆರಿಗೆಯ ಆಪರೇಷನ್ ನಿಗದಿಯಾಗಿತ್ತು. ಕನ್ನಡ, ತೆಲುಗು ಬಿಟ್ಟರೆ ಬೇರೆ ಭಾಷೆ ಬಾರದ ಅವ್ವ ದೋಹಾದಲ್ಲಿ ಉಳಿದುಬಿಟ್ಟರೆ ಮುಂದಿನ ವಿಮಾನ ಮರುದಿನವೇ. ತಪಾಸಣೆ ಮುಗಿದದ್ದೇ ತಡ, ವಿಜಯಕುಮಾರ ಕೈಯ ಗ್ರೀಸನ್ನೂ ಸರಿಯಾಗಿ ತೊಳೆಯದೆ ಬೈಕ್ ಹತ್ತಿದ.

ಅವನು ಬಾಗಿಲಲ್ಲಿ ಕಂಡಾಗ ಯಶೋಧರಾ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕದಲ್ಲೇ ಹಾಕಿದಳು. ಪರದೆಯ ಮೇಲೆ ನಕ್ಷೆ. ಅದರಲ್ಲಿ ಹಳದಿ ಬಣ್ಣದ ಒಂದು ಚಿಕ್ಕ ವಿಮಾನ.

“ಈಗ ಎದ್ದೈತಿ ನೋಡ್ರಿ. ಮೂರು ತಾಸು ಇಪ್ಪತ್ತು ನಿಮಿಷ ತಡ.”

“ಸಿಗತೈತೇನ್ರಿ ಮುಂದಿಂದು?”

“ಇನ್ನೂ ಎರಡು ತಾಸಿನ ಮ್ಯಾಲ ಉಳೀತೈತಿ. ವೀಲ್‌ಚೇರಿನವರಿಗೆ ಹೇಳ್ಸೀನಿ. ಸಿಗಬೇಕು.”

ಆ ‘ಬೇಕು’ ಎನ್ನುವಾಗ ಅವಳ ದನಿ ಸಣ್ಣಗೆ ಅಲುಗಿದ್ದು ಅವನಿಗೆ ಕೇಳಿಸಿತು. ಭಯ ತನ್ನೊಬ್ಬನದಲ್ಲ ಎಂದು ತಿಳಿದು ವಿಚಿತ್ರವಾದ ಧೈರ್ಯ ಬಂತು.

ಮಧ್ಯಾಹ್ನ ಸರಿಯಿತು. ನಡುನಡುವೆ ಗಿರಾಕಿಗಳು ಬಂದರು. ಅವಳು ಅವರಿಗೆ ಟಿಕೆಟ್ ಮಾಡುತ್ತಲೇ ಒಂದು ಕಣ್ಣು ಆ ಹಳದಿ ವಿಮಾನದ ಮೇಲಿಟ್ಟಿದ್ದಳು. ಮೂರೂಮುಕ್ಕಾಲಿಗೆ ವಿಮಾನ ಅರಬ್ಬೀ ಸಮುದ್ರದ ಮೇಲಿತ್ತು. ಅವಳು ಇನ್ನೊಂದು ಪುಟ ತೆರೆದು ನೋಡಿ ಮುಚ್ಚಲು ಹೋದಳು. ಅವನು ತಡೆದ.

“ಏನ್ರಿ ಅದು?”

“ನೀವು ಅವತ್ತು ಮೊಬೈಲಿನಾಗ ತೋರ್ಸಿದ್ರಲ್ಲ, ಆ ಎರಡನೇ ವಿಮಾನ. ದೋಹಾದಿಂದ ಈಗ ಹೊಂಟೈತಿ.”

ವಿಜಯಕುಮಾರ ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. “ನಾ ಅವತ್ತು ಕಮಿಷನ್ ಅಂದಿದ್ದು ತಪ್ಪಾತು.”

“ಅವತ್ತು ಮನಿಗೆ ಹೋಗಿ ಅತ್ತೀನಿ,” ಎಂದಳು ಅವಳು. ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. “ಮರುದಿನ ನಿಮ್ಮವ್ವನ್ನ ಮೆಟ್ಲ ಮ್ಯಾಲ ಕೈ ಹಿಡಿದು ಕರ್ಕೊಂಡು ಬಂದ್ರಲ್ಲ, ಒಂದೊಂದ ಮೆಟ್ಲಕ್ಕೂ ನಿಂತು... ಆವಾಗ ಸಿಟ್ಟು ಹೋತು.”

ಆರಕ್ಕೆ ಹತ್ತು ನಿಮಿಷವಿರುವಾಗ ವಿಮಾನ ಇಳಿಯಿತು. ಆಮೇಲೆ ಪರದೆಯಲ್ಲಿ ನೋಡಲು ಏನೂ ಇರಲಿಲ್ಲ. ಆರೂಕಾಲು. ಆರೂವರೆ. ಅವ್ವನ ಫೋನ್ ಹತ್ತಲಿಲ್ಲ. ಅವನು ಟೇಬಲಿನ ಅಂಚನ್ನು ಬೆರಳಿನಿಂದ ತಟ್ಟುತ್ತಲೇ ಇದ್ದ. ಯಶೋಧರಾ ಕೈ ಚಾಚಿ ಗ್ರೀಸ್ ಮೆತ್ತಿದ ಅವನ ಬೆರಳುಗಳ ಮೇಲಿಟ್ಟಳು. ತಟ್ಟುವುದು ನಿಂತಿತು. ಇಬ್ಬರೂ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು, ಒಬ್ಬರನ್ನೊಬ್ಬರು ನೋಡುವ ಧೈರ್ಯವಿಲ್ಲದೆ.

ಏಳಕ್ಕೆ ಐದು ನಿಮಿಷವಿರುವಾಗ ಗೊತ್ತಿಲ್ಲದ ನಂಬರಿನಿಂದ ವಿಡಿಯೋ ಕಾಲ್ ಬಂತು. ಮೊದಲು ಬರೀ ಒಂದು ಕಿವಿ ಕಂಡಿತು, ಆಮೇಲೆ ಹನುಮಮ್ಮನ ಅಗಲವಾದ ನಗು.

“ಬಂದೀನೋ! ಗೇಟಿನ ಮುಂದ ಕುಂತೀನಿ. ಕುರ್ಚಿ ತಳ್ಳೋ ಹುಡುಗಿ ನಮ್ಮ ಆದೋನಿ ಕಡಿಯಾಕಿ ಅದಾಳ ನೋಡು! ತೆಲುಗಿನಾಗ ಮಾತಾಡ್ಕೊಂತ ಬಂದ್ವಿ. ಫೋನೂ ಆಕಿದ. ಮಾತ್ರಿ ತಗೊಂಡೀನಿ, ಚಾ ಕುಡಿದೀನಿ. ಇನ್ನೂ ಒಂದು ತಾಸು ಟೈಮ್ ಐತಂತ.”

ವಿಜಯಕುಮಾರ ಫೋನನ್ನು ಯಶೋಧರಾಳ ಕೈಗೆ ಕೊಟ್ಟು ಕಿಟಕಿಯ ಕಡೆ ಮುಖ ಮಾಡಿದ.

“ಅಳಾಕ ಹತ್ಯಾನೇನು ಅವನು?” ಹನುಮಮ್ಮ ಕೇಳಿದಳು. “ಬೆಳಗಿಂದ ಏನೂ ಉಂಡಿರಂಗಿಲ್ಲ. ಯಶೋಧರಾ, ಏನರ ತಿನ್ನಾಕ ಕೊಡವ್ವ.”

ಕೆಳಗೆ ಬಂಡಿಯ ಮುಂದೆ ನಿಂತು ಇಬ್ಬರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರು. ಇಡೀ ದಿನದ ಬಿಗಿತ ಮೈಯಿಂದ ಇಳಿದುಹೋಗಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಎಂಟೂಕಾಲು ದಾಟಿದ ಮೇಲೆ ಅವಳು ಮೊಬೈಲ್ ನೋಡಿ, “ಹೊಂಟಿತ್ರಿ, ಡಬ್ಲಿನ್‌ಗೆ,” ಎಂದಳು. ಅವನು ಎದೆ ತುಂಬ ಉಸಿರೆಳೆದು ಬಿಟ್ಟ.

“ಇನ್ನ ನಿಮ್ಮ ಆಫೀಸಿಗೆ ಬರಾಕ ನಂಗ ಯಾವ ನೆಪಾನೂ ಉಳೀಲಿಲ್ಲ,” ಎಂದ.

“ಹೌದ್ರಿ, ಉಳೀಲಿಲ್ಲ.”

“ನೆಪ ಇಲ್ದ ಬರಬೇಕಂತ ಅನ್ಸತೈತಿ. ನೀವು ಬಾಜು ಇದ್ರಿ ಅಂತ ಇವತ್ತು ಕುಂತೆ. ಇಲ್ಲಂದ್ರ ಏನಾಗಿರ್ತಿದ್ನೋ. ಇದು ಇವತ್ತಿಂದಲ್ಲ... ನಂಗ ನೀವು ಬೇಕು ಯಶೋಧರಾ. ಇದಕ್ಕಿಂತ ಚೆಂದ ಹೇಳಾಕ ನಂಗ ಬರಂಗಿಲ್ಲ.”

ಅವಳು ಕಾಗದದ ತುಣುಕಿನಿಂದ ಬೆರಳಿನ ಎಣ್ಣೆ ಒರೆಸಿಕೊಂಡಳು. ತುಂಬ ನಿಧಾನವಾಗಿ, ಒಂದೊಂದೇ ಬೆರಳು.

“ಆಫೀಸಿಗೆ ಬರಬ್ಯಾಡ್ರಿ,” ಎಂದಳು. ಅವನ ಮುಖ ಇಳಿಯುವುದನ್ನು ಒಂದು ಕ್ಷಣ ನೋಡಿ ನಕ್ಕಳು. “ಐತವಾರ ಮನಿಗೆ ಬರ್ರಿ. ಕೊಳಗಲ್ಲಿಗೆ. ನಮ್ಮಪ್ಪ ಇರ್ತಾನ.”

“ನಿಮ್ಮಪ್ಪಗ ಏನಂತ ಹೇಳ್ತೀರಿ? ಯಾರು ಬರ್ತಾರ ಅಂತ?”

“ಸಿರುಗುಪ್ಪದ ಗಿರಣಿ ಮೆಕ್ಯಾನಿಕ್ ಅಂತ.”

“ಹಂಗಂದ್ರ ಸಾಕೇನು?”

“ಸಾಕ್ರಿ,” ಎಂದಳು ಯಶೋಧರಾ, ಅವನ ಕಣ್ಣನ್ನೇ ನೋಡುತ್ತ. “ಉಳಿದದ್ದೆಲ್ಲಾ ಅಪ್ಪಗ ಹೇಳಿ ತಿಂಗಳಾತು.”