ತಾರಾಳ ಆಪರೇಶನ್

“ಅಜ್ಜಿ, ಅಕಿಗೆ ಏನೂ ಆಗಿಲ್ಲ! ಅಕಿ ಆ್ಯಕ್ಟಿಂಗ್ ಮಾಡಾಕತ್ತಾಳ!”

ರಂಜನಾ ಚಪಾತಿ ತಟ್ಟೆಯನ್ನು ಅಜ್ಜಿಯ ಮುಂದೆ ತಳ್ಳಿದಳು. ಲಕ್ಷ್ಮವ್ವಜ್ಜಿ ಅದನ್ನು ಹಾಗೇ ಹಿಂದಕ್ಕೆ ತಳ್ಳಿದಳು. ಕಣ್ಣೆಲ್ಲ ಟೀವಿ ಮೇಲೆ. ಅಲ್ಲಿ ಧಾರಾವಾಹಿಯ ಪುಟ್ಟ ಹುಡುಗಿ ತಾರಾ ಮೂಗಿಗೆ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು.

“ಅಕಿ ಆಪರೇಶನ್ ಆಗೂತನಕ ಸೋಮಾರ ಉಪಾಸ ಮಾಡತೀನಂತ ಶಿವಗ ಬೇಡಿಕೊಂಡೀನಿ. ಮಾತಂದ್ರ ಮಾತು,” ಅಂದಳು ಅಜ್ಜಿ.

ಧಾರಾವಾಹಿಯವರೋ, ಆ ಆಪರೇಶನ್ ಮಾಡುವ ಹಾಗೇ ಕಾಣುತ್ತಿರಲಿಲ್ಲ. ಒಂದು ವಾರ ಡಾಕ್ಟರಿಗೆ ವಿಮಾನ ತಪ್ಪಿತು. ಮತ್ತೊಂದು ವಾರ ತಾರಾಳ ಚಿಕ್ಕಮ್ಮ ಸಹಿ ಹಾಕಲಿಲ್ಲ. ಇತ್ತ ಭಾಂಡುಪ್‌ನ ಮನೆಯಲ್ಲಿ ಅಜ್ಜಿಯ ಉಪವಾಸ ಬೆಳೆಯುತ್ತಲೇ ಹೋಯಿತು.

ಅಜ್ಜಿಗೆ ಶುಗರ್ ಇತ್ತು. ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು ಎಂದು ಡಾಕ್ಟರು ಹೇಳಿದ್ದರು. ಹೋದ ಸೋಮವಾರ ಅಜ್ಜಿ ತಲೆ ತಿರುಗಿ, ಬಾಗಿಲು ಹಿಡಿದು ಕುಸಿದು ಕೂತಿದ್ದಳು. ರಂಜನಾ ಹೆದರಿ ಅತ್ತೇಬಿಟ್ಟಿದ್ದಳು. ಅಪ್ಪ, ಅವ್ವ ಇಬ್ಬರೂ ಹೇಳಿ ನೋಡಿದರು. ಜಪ್ಪಯ್ಯ ಅಂದರೂ ಅಜ್ಜಿ ಕೇಳಲಿಲ್ಲ.

ರಂಜನಾಗೆ ಎಲ್ಲದಕ್ಕೂ ಪ್ರೂಫ್ ಬೇಕು. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎಂದು ಅಜ್ಜಿ ಅಂದಾಗ, ರಜೆಯಿಡೀ ಕಿಟಕಿಯಲ್ಲಿ ಕೂತು ನೋಡಿ, “ಕಾಗೆ ಬಹಳ, ನೆಂಟರು ಝೀರೋ” ಎಂದು ರಿಪೋರ್ಟ್ ಕೊಟ್ಟವಳು ಅವಳು. ಈಗಲೂ ಅವ್ವನ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ವಿಡಿಯೋ ತೆಗೆದಳು. ಅದರಲ್ಲಿ ತಾರಾ ಅದೇ ಆಸ್ಪತ್ರೆ ಮಂಚದ ಮೇಲೆ ಕೂತು, ನಗುತ್ತ, ಐಸ್‌ಕ್ರೀಮ್ ನೆಕ್ಕುತ್ತಿದ್ದಳು.

“ನೋಡು, ಪ್ರೂಫ್!”

ಅಜ್ಜಿ ಬಹಳ ಹೊತ್ತು ನೋಡಿದಳು. “ನಗಾಕತ್ತಾಳ,” ಅಂದಳು. ಟೀವಿ ಆರಿಸಿದಳು. ತಟ್ಟೆ ಎಳೆದುಕೊಂಡು ಉಂಡಳು.

ಗೆದ್ದೆ ಎಂದುಕೊಂಡಳು ರಂಜನಾ. ಆದರೆ ಮರುದಿನ ಏಳು ಗಂಟೆಗೆ ಅಜ್ಜಿ ಟೀವಿ ಹಚ್ಚಲಿಲ್ಲ. ದಿನಾ ಧಾರಾವಾಹಿ ನೋಡಲು ಬರುವ ಪಕ್ಕದ ಮನೆಯ ಹಾಲವ್ವ ಬಂದು, “ಯಾಕಬೇ, ಕರೆಂಟ್ ಇಲ್ಲೇನು?” ಎಂದು ಕೇಳಿ, ಸಪ್ಪೆ ಮುಖ ಹಾಕಿಕೊಂಡು ಹೋದಳು. ಅದರ ಮರುದಿನವೂ ಹಾಗೇ. ಅಜ್ಜಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಗುಳಿಗೆ ನುಂಗುತ್ತಿದ್ದಳು, ಗೋಡೆ ನೋಡುತ್ತಿದ್ದಳು. ಆ ಗೋಡೆ ನೋಡುವುದನ್ನು ನೋಡಲು ರಂಜನಾಗೆ ಆಗುತ್ತಿರಲಿಲ್ಲ.

ಶನಿವಾರ ರಂಜನಾ ಸ್ಕೂಲ್ ಲೈಬ್ರರಿಯಿಂದ ತಂದ ಪುಸ್ತಕ ಓದುತ್ತ ಕೂತಿದ್ದಳು. ಮುದಿ ಕತ್ತೆ ಸಾಕಿದ ಒಬ್ಬ ಹುಡುಗನ ಕತೆ. ಇದ್ದಕ್ಕಿದ್ದಂತೆ ಅವಳ ಕಣ್ಣೀರು ಪುಟದ ಮೇಲೆ ಟಪ್ ಎಂದು ಬಿತ್ತು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ಓಡಿ ಬಂದಳು. “ಏನಾತು ನನ್ನವ್ವಾ?”

“ಕತ್ತಿ... ನದ್ಯಾಗ ಹರಕೊಂಡು ಹೋತು.”

“ಯಾರ ಕತ್ತಿ?”

“ಬುಕ್‌ನಾಗಿಂದು.”

ಹೇಳಿದ್ದೇ ರಂಜನಾಗೆ ನಾಚಿಕೆಯಾಯಿತು. ಈಗ ಅಜ್ಜಿ ಪ್ರೂಫ್ ಕೇಳುತ್ತಾಳೆ ಎಂದು ತಲೆ ತಗ್ಗಿಸಿದಳು. ಕೇಳಿದರೆ ತಪ್ಪೂ ಇರಲಿಲ್ಲ.

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. “ಮುಂದ ಓದು. ದಂಡಿಗೆ ಬರತೈತೇನೋ ನೋಡೂಣು.”

ಪುಸ್ತಕ ಇಂಗ್ಲಿಷಿನಲ್ಲಿತ್ತು. ರಂಜನಾ ತಡವರಿಸುತ್ತ ತಮ್ಮ ಮಾತಿನಲ್ಲಿ ಹೇಳುತ್ತ ಹೋದಳು. ಕೊನೆಗೆ ಕತ್ತೆ ಒಂದು ಮರದ ಬೇರಿಗೆ ಸಿಕ್ಕಿಕೊಂಡು ನಿಂತಾಗ ಅಜ್ಜಿ ಅವಳ ಮೊಣಕಾಲನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಮೂಡಿತ್ತು.

“ಅಜ್ಜಿ, ತಾರಾದು ಆ್ಯಕ್ಟಿಂಗ್ ಅಂತ ನಿನಗ ಮೊದಲ ಗೊತ್ತಿತ್ತಲ್ಲ?”

“ಇಷ್ಟ ವಯಸ್ಸಾತು, ಅಷ್ಟೂ ತಿಳಿಯಂಗಿಲ್ಲೇನು? ತಿಳಿದ್ರೂ ಕರುಳು ಚುರ್ ಅಂತೈತಿ. ಏನ್ ಮಾಡಲಿ?”

ರಂಜನಾ ಪುಸ್ತಕ ಮುಚ್ಚಿದಳು. “ಒಬ್ಬರ ಹರಕಿ ಇನ್ನೊಬ್ಬರು ತೀರಸ್ಬೋದಾ?”

“ಮನಿಯವರು ಯಾರ ತೀರಿಸಿದ್ರೂ ನಡೀತೈತಿ. ನಮ್ಮವ್ವಂದು ನಾ ತೀರಿಸಿಲ್ಲೇನು?”

“ಹಂಗಾದ್ರ ನೀ ಉಣ್ಣು, ಉಂಡು ಟೀವಿ ನೋಡು. ಉಪಾಸ ನನಗ ಕೊಡು.”

“ಬೆಳೆಯೂ ಹುಡುಗಿ ನೀ, ಉಪಾಸ ಗಿಪಾಸ ಬ್ಯಾಡ,” ಎಂದು ಅಜ್ಜಿ ಗದರಿದಳು. ಚೌಕಾಶಿ ನಡೆದು, ಸೋಮವಾರದ ವಡಾಪಾವ್ ಬಿಡುವುದೆಂದು ಗಟ್ಟಿಯಾಯಿತು. ರಂಜನಾಗೆ ವಡಾಪಾವ್ ಅಂದರೆ ಪ್ರಾಣ.

ಸೋಮವಾರ ಸ್ಕೂಲ್ ಬಿಟ್ಟಾಗ ಸ್ಟೇಶನ್ ರೋಡಿನ ಗಾಡಿಯಲ್ಲಿ ಬಿಸಿ ವಡೆ ಎಣ್ಣೆಯಿಂದ ಮೇಲೇಳುತ್ತಿತ್ತು. ಗೆಳತಿ ರಾಧಿಕಾ ಒಂದನ್ನು ಅವಳ ಮೂಗಿನ ಹತ್ತಿರ ಹಿಡಿದಳು. ರಂಜನಾ ಉಗುಳು ನುಂಗಿದಳು.

“ಬ್ಯಾಡ. ಇವತ್ತು ಬಿಟ್ಟೀನಿ. ತಾರಾದು ಆಪರೇಶನ್ ಐತಿ.”

“ಕೌನ್ ತಾರಾ? ನಿಮ್ಮ ರಿಲೇಟಿವ್ ಏನು?”

ಟೀವಿಯಲ್ಲಿನ ಹುಡುಗಿ ಎಂದು ಹೇಳಲು ರಂಜನಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

“ಹ್ಞೂಂ,” ಅಂದಳು, “ನಮ್ಮಕಿನ,” ಮತ್ತು ಮನೆಯ ಕಡೆ ಬಿರಬಿರನೆ ನಡೆದಳು.